ಹತ್ತೂವರೆಯ ಜಗಳ

ಎಂಟನೇ ತರಗತಿ ದಾಟಿದ ಮಗುವಿರುವ ಮನೆಯಲ್ಲಿ ರಾತ್ರಿ ಹತ್ತೂವರೆಯ ಸುಮಾರಿಗೆ ಒಂದು ಜಗಳ ಇದ್ದದ್ದೇ. "ಇನ್ನೂ ಮಲಗಿಲ್ವಾ?" ಎಂದು ಅಡುಗೆಮನೆಯಿಂದ ಅಮ್ಮನ ದನಿ. "ಐದೇ ನಿಮಿಷ ಅಮ್ಮಾ" ಎಂದು ಹೊದಿಕೆಯೊಳಗಿಂದ ಉತ್ತರ. ಹನ್ನೊಂದಕ್ಕೆ ಅಪ್ಪ ಬಂದು ಫೋನ್ ಕಿತ್ತುಕೊಳ್ಳುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ. ಬೆಳಿಗ್ಗೆ ಆರಕ್ಕೆ ಅದೇ ಮಗುವನ್ನು ಎಬ್ಬಿಸುವಾಗ ಎರಡನೇ ಸುತ್ತು. ಆ ಹೊತ್ತಿಗೆ ಎಲ್ಲರಿಗೂ ನೆನಪಾಗುವ ಹೆಸರು ಕುಂಭಕರ್ಣನದು.

"ನಿದ್ದೆ ಬರ್ತಿಲ್ಲ" ಎನ್ನುವ ಮಗು ಬಹುಪಾಲು ನಿಜವನ್ನೇ ಹೇಳುತ್ತಿರುತ್ತದೆ. "ನಿದ್ದೆ ಸಾಲದೆ ಆರೋಗ್ಯ ಹಾಳುಮಾಡ್ಕೊಳ್ತಿದೀಯ" ಎನ್ನುವ ತಾಯಿಯ ಮಾತೂ ನಿಜವೇ. ಈ ಎರಡು ನಿಜಗಳು ಒಂದೇ ಮನೆಯಲ್ಲಿ ಹೇಗೆ ಇರುತ್ತವೆ ಎಂಬುದನ್ನು ನಿದ್ರಾ ವಿಜ್ಞಾನ ಕಳೆದ ಐವತ್ತು ವರ್ಷಗಳಲ್ಲಿ ಸಾಕಷ್ಟು ಬಿಡಿಸಿಟ್ಟಿದೆ. ಅದು ಮನೆಮಂದಿಗೆ ಗೊತ್ತಿದ್ದರೆ ಜಗಳ ಪೂರ್ತಿ ನಿಲ್ಲದಿದ್ದರೂ, ಯಾವುದರ ಮೇಲೆ ಪಟ್ಟು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದಾದರೂ ತಿಳಿಯುತ್ತದೆ.

1976ರ ಬೇಸಿಗೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಕ್ಕಳಿಗಾಗಿ ಒಂದು ನಿದ್ದೆಯ ಶಿಬಿರ ಶುರುವಾಯಿತು. ಬಂದವರು ಹತ್ತು, ಹನ್ನೊಂದು, ಹನ್ನೆರಡರ ವಯಸ್ಸಿನವರು. ಹಗಲು ಆಟ, ರಾತ್ರಿ ತಲೆಗೆ ವೈರುಗಳನ್ನು ಅಂಟಿಸಿಕೊಂಡು ನಿದ್ದೆ. ಇದನ್ನು ನಡೆಸಿದವರು ನಿದ್ರಾ ವಿಜ್ಞಾನದ ಹಿರಿಯ ವಿಲಿಯಂ ಡಿಮೆಂಟ್ ಮತ್ತು ಆಗಿನ್ನೂ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಮೇರಿ ಕಾರ್ಸ್ಕ್ಯಾಡನ್. ಅದೇ ಮಕ್ಕಳನ್ನು ಪ್ರತಿ ಬೇಸಿಗೆಯಲ್ಲೂ ಮತ್ತೆ ಕರೆಸಿದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಹತ್ತು ಗಂಟೆ ಹಾಸಿಗೆಯಲ್ಲಿರಲು ಬಿಟ್ಟು, ಅದರಲ್ಲಿ ನಿಜವಾಗಿ ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆಂದು ಅಳೆದರು.

ದೊಡ್ಡವರಾಗುತ್ತಾ ಹೋದಂತೆ ಮಕ್ಕಳಿಗೆ ನಿದ್ದೆ ಕಡಿಮೆ ಸಾಕಾಗುತ್ತದೆ ಎಂಬುದು ಆಗಿನ ನಂಬಿಕೆ. ನಮ್ಮಲ್ಲಿ ಈಗಲೂ ಅದೇ ನಂಬಿಕೆ. ಶಿಬಿರದಲ್ಲಿ ಕಂಡದ್ದು ಬೇರೆ. ಹತ್ತರ ಮಗುವೂ ಹದಿನಾರರ ಮಗುವೂ ಅವಕಾಶ ಕೊಟ್ಟರೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಸುಮಾರು ಒಂಬತ್ತೂಕಾಲು ಗಂಟೆ ನಿದ್ದೆ ಮಾಡಿದವು. ಇನ್ನೊಂದು ಅಳತೆಯಂತೂ ಸಂಶೋಧಕರನ್ನೇ ಚಕಿತಗೊಳಿಸಿತು. ಹಗಲಿನಲ್ಲಿ ಎರಡೆರಡು ಗಂಟೆಗೊಮ್ಮೆ ಮಗುವನ್ನು ಕತ್ತಲ ಕೋಣೆಯಲ್ಲಿ ಮಲಗಿಸಿ, ಕಣ್ಣು ಮುಚ್ಚಿ ನಿದ್ದೆ ಮಾಡು ಎಂದು ಹೇಳಿ, ಎಷ್ಟು ನಿಮಿಷಕ್ಕೆ ನಿದ್ದೆ ಹತ್ತುತ್ತದೆಂದು ಮಿದುಳಿನ ಅಲೆಗಳಲ್ಲಿ ನೋಡುವ ಪರೀಕ್ಷೆ ಅದು. ಚಿಕ್ಕ ಮಕ್ಕಳಿಗೆ ಹಗಲಲ್ಲಿ ಮಲಗಿಸಿದರೂ ನಿದ್ದೆ ಬರುತ್ತಿರಲಿಲ್ಲ. ಹರೆಯಕ್ಕೆ ಬಂದವರು, ರಾತ್ರಿ ಅಷ್ಟೇ ನಿದ್ದೆ ಮಾಡಿದ್ದರೂ, ಮಧ್ಯಾಹ್ನದ ಹೊತ್ತಿಗೆ ಬೇಗ ಜೊಂಪಿಗೆ ಜಾರುತ್ತಿದ್ದರು. ಅಂದರೆ ಹರೆಯದಲ್ಲಿ ನಿದ್ದೆಯ ಅಗತ್ಯ ತಗ್ಗುವುದಿಲ್ಲ. ಕಡಿಮೆಯಾಗುವುದು ನಾವು ಅದಕ್ಕೆ ಕೊಡುವ ಸಮಯ ಮಾತ್ರ.

ಇಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 13ರಿಂದ 18 ವಯಸ್ಸಿನವರಿಗೆ ಹೇಳುವುದು ದಿನಕ್ಕೆ 8ರಿಂದ 10 ಗಂಟೆ ನಿದ್ದೆ. ರಾತ್ರಿ ಹನ್ನೊಂದೂವರೆಗೆ ಕಣ್ಣು ಮುಚ್ಚಿ ಬೆಳಿಗ್ಗೆ ಐದೂವರೆಗೆ ಏಳುವ ಹತ್ತನೇ ತರಗತಿಯ ಹುಡುಗನಿಗೆ ಸಿಗುವುದು ಆರು ಗಂಟೆ. ಐದು ದಿನದಲ್ಲಿ ಕನಿಷ್ಠವೆಂದರೂ ಹತ್ತು ಗಂಟೆ ಸಾಲ.

ಹಾಗಿದ್ದರೆ ಅವನು ಬೇಗ ಮಲಗಬಾರದೇಕೆ? ಮುಖ್ಯ ಪ್ರಶ್ನೆ ಇದೇ.

ನಿದ್ದೆಯನ್ನು ಎರಡು ಶಕ್ತಿಗಳು ನಿಯಂತ್ರಿಸುತ್ತವೆ ಎಂದು 1982ರಲ್ಲಿ ಜ್ಯೂರಿಕ್‌ನ ಅಲೆಕ್ಸಾಂಡರ್ ಬೋರ್ಬೆಲಿ ಹೇಳಿದರು. ಒಂದು, ಎದ್ದಿದ್ದಷ್ಟೂ ಹೊತ್ತು ಹಸಿವಿನ ಹಾಗೆ ಏರುತ್ತಾ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಎಷ್ಟು ದಣಿದಿದ್ದೀರಿ ಎಂದು ಕೇಳದೆ ತನ್ನ ಪಾಡಿಗೆ ತಾನು ಓಡುವ ದೇಹದ ಗಡಿಯಾರ. ಈ ಗಡಿಯಾರ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಹೈಪೊಥಲಾಮಸ್ಸಿನಲ್ಲಿದೆ. ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಗುಂಪು. ಸಂಜೆ ಕತ್ತಲಾದ ಮೇಲೆ ಪೀನಿಯಲ್ ಗ್ರಂಥಿಗೆ ಇದರಿಂದಲೇ ಸೂಚನೆ ಹೋಗಿ, ಮೆಲಟೋನಿನ್ ಎಂಬ ಹಾರ್ಮೋನು ರಕ್ತಕ್ಕೆ ಬರತೊಡಗುತ್ತದೆ. ಮೆಲಟೋನಿನ್ ನಿದ್ದೆಯ ಮಾತ್ರೆಯಲ್ಲ. ರಾತ್ರಿಯಾಯಿತು ಎಂದು ದೇಹಕ್ಕೆಲ್ಲ ತಿಳಿಸುವ ಸುದ್ದಿ. ಅದು ಬಂದ ಒಂದೆರಡು ಗಂಟೆಗೆ ನಿದ್ದೆ ಸಲೀಸಾಗಿ ಹತ್ತುತ್ತದೆ.

ಹರೆಯದಲ್ಲಿ ಈ ಎರಡು ಶಕ್ತಿಗಳೂ ತಡವಾಗುತ್ತವೆ. ಗಡಿಯಾರ ಹಿಂದೆ ಸರಿದು ಮೆಲಟೋನಿನ್ ತಡವಾಗಿ ಬರುತ್ತದೆ. ನಿದ್ದೆಯ ಒತ್ತಡವೂ ನಿಧಾನವಾಗಿ ಏರುತ್ತದೆ ಎಂದು 2005ರಲ್ಲಿ ಓಸ್ಕರ್ ಯೆನಿ ಮತ್ತು ಸಂಗಡಿಗರು ತೋರಿಸಿದರು. ಎಂಟು ವರ್ಷದ ಮಗು ರಾತ್ರಿ ಒಂಬತ್ತಕ್ಕೆ ಊಟದ ತಟ್ಟೆಯ ಮುಂದೆಯೇ ತೂಗುತ್ತದೆ. ಹದಿನಾರರ ಅಕ್ಕ ಅದೇ ಹೊತ್ತಿಗೆ ಚುರುಕಾಗುತ್ತಾಳೆ. ಇದರಲ್ಲಿ ಹಟವಿಲ್ಲ, ಉಡಾಫೆಯಿಲ್ಲ. ಒಂದೇ ವಯಸ್ಸಿನ ಆರನೇ ತರಗತಿಯ ಮಕ್ಕಳಲ್ಲೂ ದೈಹಿಕವಾಗಿ ಮುಂದೆ ಬೆಳೆದವರೇ ಹೆಚ್ಚು ತಡರಾತ್ರಿಯ ಪ್ರವೃತ್ತಿಯವರು ಎಂಬ ಸುಳಿವು ಕಾರ್ಸ್ಕ್ಯಾಡನ್ ಅವರಿಗೆ 1993ರಲ್ಲೇ ಸಿಕ್ಕಿತ್ತು. ಹುಡುಗಿಯರಲ್ಲಿ ಅದು ಸ್ಪಷ್ಟವಾಗಿತ್ತು. ವಯಸ್ಸಿಗಿಂತ ಮೈಯ ಬೆಳವಣಿಗೆಯೇ ಗಡಿಯಾರವನ್ನು ಹಿಂದೆ ತಳ್ಳುತ್ತದೆ ಎಂದಾಯಿತು. ಮ್ಯೂನಿಕ್‌ನ ಟಿಲ್ ರೊನೆಬರ್ಗ್ 2004ರಲ್ಲಿ ಸುಮಾರು 25,000 ಜನರ ನಿದ್ದೆಯ ವೇಳೆಯನ್ನು ವಯಸ್ಸಿನ ಜೊತೆ ಇಟ್ಟು ನೋಡಿದರು. ಮಲಗುವ ವೇಳೆ ಹರೆಯದುದ್ದಕ್ಕೂ ತಡವಾಗುತ್ತಾ ಹೋಗಿ, ಹೆಣ್ಣುಮಕ್ಕಳಲ್ಲಿ ಹತ್ತೊಂಬತ್ತೂವರೆಗೆ, ಗಂಡುಮಕ್ಕಳಲ್ಲಿ ಇಪ್ಪತ್ತೊಂದರ ಸುಮಾರಿಗೆ ತುದಿ ಮುಟ್ಟಿ, ಮತ್ತೆ ಇಳಿಯತೊಡಗುತ್ತದೆ. ಈ ತಿರುವನ್ನೇ ಹರೆಯ ಮುಗಿದದ್ದರ ಗುರುತೆಂದು ಕರೆಯಬಹುದು ಎಂದರು ಅವರು.

ಇದೆಲ್ಲ ಮೊಬೈಲಿನ ಕರಾಮತ್ತು ಎನ್ನುವವರು ಮಂಗಗಳನ್ನೂ ಇಲಿಗಳನ್ನೂ ನೋಡಬೇಕು. ರೀಸಸ್ ಮಂಗಗಳಲ್ಲಿ, ಇಲಿಗಳಲ್ಲಿ, ಚಿಲಿ ದೇಶದ ಡೆಗು ಎಂಬ ದಂಶಕದಲ್ಲಿ ಹರೆಯ ಬಂದಾಗ ದಿನಚರಿ ಇದೇ ರೀತಿ ಹಿಂದಕ್ಕೆ ಸರಿಯುತ್ತದೆ. ಅವಕ್ಕೆ ಇನ್‌ಸ್ಟಾಗ್ರಾಂ ಇಲ್ಲ. ಸ್ಟ್ಯಾನ್‌ಫರ್ಡ್ ಶಿಬಿರದ ಮಕ್ಕಳ ಕೈಯಲ್ಲೂ ಫೋನ್ ಇರಲಿಲ್ಲ.

ಮನೆಯ ನಿಯಮಗಳ ವಿಷಯಕ್ಕೆ ಬರುವ ಮೊದಲು ಇನ್ನೊಂದು ಪ್ರಯೋಗ ಹೇಳಲೇಬೇಕು. ಏಕೆಂದರೆ "ಒಂಬತ್ತಕ್ಕೆಲ್ಲ ಮಲಗಬೇಕು" ಎಂಬ ಅಪ್ಪಣೆ ಏಕೆ ಫಲಿಸುವುದಿಲ್ಲ ಎಂಬುದು ಅದರಲ್ಲಿದೆ. 1986ರಲ್ಲಿ ಇಸ್ರೇಲಿನ ಪೆರೆಟ್ಸ್ ಲಾವಿ ಕೆಲವು ಯುವಕರನ್ನು ಇಡೀ ಹಗಲು ರಾತ್ರಿ ಒಂದು ವಿಚಿತ್ರ ಲೆಕ್ಕದಲ್ಲಿ ಇರಿಸಿದರು: 7 ನಿಮಿಷ ಮಲಗು, 13 ನಿಮಿಷ ಎದ್ದಿರು, ಮತ್ತೆ 7 ನಿಮಿಷ ಮಲಗು. ಇಪ್ಪತ್ತು ನಿಮಿಷದ ಈ ಸುತ್ತು ಗಂಟೆಗಟ್ಟಲೆ ನಡೆಯಿತು. ದಣಿವು ಏರಿದಂತೆ ನಿದ್ದೆಯೂ ಏರಬೇಕಿತ್ತು. ಆದರೆ ಮಾಮೂಲಿ ಮಲಗುವ ಸಮಯಕ್ಕಿಂತ ಮುಂಚಿನ ಎರಡು ಮೂರು ಗಂಟೆಗಳಲ್ಲಿ, ಹಿಂದಿನ ರಾತ್ರಿ ನಿದ್ದೆಗೆಟ್ಟವರೂ ಕಣ್ಣು ಮುಚ್ಚಲಾರದೆ ಹೋದರು. ದಿನವಿಡೀ ಏರಿದ ಒತ್ತಡವನ್ನು ತಡೆದು ನಿಲ್ಲಿಸಲು ಗಡಿಯಾರ ಆ ಹೊತ್ತಿನಲ್ಲಿ ತನ್ನ ಪೂರ್ತಿ ಬಲದಿಂದ ಎಚ್ಚರವನ್ನು ಕಾಯುತ್ತದೆ. ಲಾವಿ ಇದನ್ನು ನಿದ್ದೆಯ ನಿಷಿದ್ಧ ವಲಯ ಎಂದು ಕರೆದರು.

ದಿನಾ ಹನ್ನೊಂದೂವರೆಗೆ ನಿದ್ದೆ ಹತ್ತುವ ಹುಡುಗಿಯ ನಿಷಿದ್ಧ ವಲಯ ಎಂಟೂವರೆಯಿಂದ ಹತ್ತೂವರೆ, ಕೆಲವೊಮ್ಮೆ ಹನ್ನೊಂದರವರೆಗೂ ಇರುತ್ತದೆ. ನಾಳೆಯಿಂದ ಒಂಬತ್ತೂವರೆಗೆ ದೀಪ ಆರಿಸಬೇಕು ಎಂದರೆ ಅವಳು ಕತ್ತಲಲ್ಲಿ ಎರಡು ಗಂಟೆ ಹೊರಳಾಡುತ್ತಾಳೆ. ಆ ಎರಡು ಗಂಟೆ ತುಂಬಿಕೊಳ್ಳುವುದು ನಾಳಿನ ಟೆಸ್ಟಿನ ಚಿಂತೆ, ಗೆಳತಿಯ ಜೊತೆ ಆದ ಮನಸ್ತಾಪ, ಕೊನೆಗೆ ದಿಂಬಿನ ಕೆಳಗಿನ ಫೋನ್. ಹಾಸಿಗೆ ಎಂದರೆ ನಿದ್ದೆ ಬಾರದ ಜಾಗ ಎಂದು ಮಿದುಳು ಕಲಿತುಬಿಡುತ್ತದೆ. ಒಳ್ಳೆಯ ಉದ್ದೇಶದ ನಿಯಮವೊಂದು ಕೆಟ್ಟ ಅಭ್ಯಾಸ ಕಲಿಸುವ ಬಗೆ ಇದು.

ಮೊಬೈಲನ್ನು ನಾನು ನಿರಪರಾಧಿ ಎನ್ನುತ್ತಿಲ್ಲ. ಅದರ ಅಪರಾಧ ಯಾವುದು ಎಂಬುದನ್ನು ಮಾತ್ರ ಸರಿಯಾಗಿ ಗುರುತಿಸಬೇಕು.

ಎಲ್ಲರ ಬಾಯಲ್ಲೂ ಇರುವುದು ನೀಲಿ ಬೆಳಕು. ಅದರ ಹಿಂದಿನ ವಿಜ್ಞಾನ ಗಟ್ಟಿಯಾದದ್ದೇ. ನಮ್ಮ ಅಕ್ಷಿಪಟಲದಲ್ಲಿ ನೋಡಲು ನೆರವಾಗುವ ಕೋಶಗಳಲ್ಲದೆ, ಬೆಳಕು ಎಷ್ಟಿದೆ ಎಂದು ಮಿದುಳಿನ ಗಡಿಯಾರಕ್ಕೆ ನೇರವಾಗಿ ವರದಿ ಮಾಡುವ ಬೇರೆ ಕೋಶಗಳಿವೆ ಎಂಬುದು 2002ರಲ್ಲಿ ಖಚಿತವಾಯಿತು. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವಸ್ತು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತದೆ. ಬಾಸ್ಟನ್ನಿನಲ್ಲಿ ಹನ್ನೆರಡು ಮಂದಿಯನ್ನು ಮಂದ ಬೆಳಕಿನ ಕೋಣೆಯಲ್ಲಿರಿಸಿ, ಮಲಗುವ ಮುನ್ನ ನಾಲ್ಕು ಗಂಟೆ ಕೆಲವು ದಿನ ಟ್ಯಾಬ್ಲೆಟ್‌ನಲ್ಲೂ ಕೆಲವು ದಿನ ಮುದ್ರಿತ ಪುಸ್ತಕದಲ್ಲೂ ಓದಿಸಿದರು. ಟ್ಯಾಬ್ಲೆಟ್ ಓದಿದ ದಿನಗಳಲ್ಲಿ ಮೆಲಟೋನಿನ್ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು. 2014ರ ಕೊನೆಗೆ ಪ್ರಕಟವಾದ ಈ ಅಧ್ಯಯನ ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಸುದ್ದಿಯಲ್ಲಿ ಹಿಂದೆ ಸರಿದ ಅಂಕಿಯೊಂದಿದೆ. ನಾಲ್ಕು ಗಂಟೆ, ಪೂರ್ತಿ ಪ್ರಖರತೆಯಲ್ಲಿ ಓದಿದ ಮೇಲೂ ನಿದ್ದೆ ಹತ್ತಲು ತಡವಾದದ್ದು ಸುಮಾರು ಹತ್ತು ನಿಮಿಷ. ಆಸ್ಟ್ರೇಲಿಯಾದಲ್ಲಿ ಹದಿಹರೆಯದವರಿಗೆ ಮಲಗುವ ಮುಂಚೆ ಒಂದು ಗಂಟೆ ಪರದೆ ಕೊಟ್ಟು ನೋಡಿದಾಗ ಪ್ರಖರ ಪರದೆಗೂ ಮಂದ ಪರದೆಗೂ ನಡುವಿನ ವ್ಯತ್ಯಾಸ ಬರೀ ಮೂರು ನಿಮಿಷದಷ್ಟಿತ್ತು. ಹಾಗಾಗಿ ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಮೋಡ್ ಒತ್ತಿ, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವುದರಲ್ಲಿ ಹುರುಳಿಲ್ಲ. ಹರೆಯದ ಹೊಸ್ತಿಲಲ್ಲಿರುವ ಮಕ್ಕಳ ಕಣ್ಣು ಮಾತ್ರ ಸಂಜೆಯ ಬೆಳಕಿಗೆ ಹೆಚ್ಚು ಸೂಕ್ಷ್ಮ ಎಂಬುದು 2015ರಲ್ಲಿ ಕಂಡುಬಂದಿದೆ. ಆ ದೃಷ್ಟಿಯಿಂದ ಆರೇಳನೇ ತರಗತಿಯವರ ಮನೆಯಲ್ಲಿ ಟ್ಯೂಬ್‌ಲೈಟುಗಳನ್ನು ಒಂಬತ್ತರ ಮೇಲೆ ಆರಿಸಿ ಮಂದ ದೀಪ ಹಾಕುವುದು ಒಳ್ಳೆಯದೇ.

ಪರದೆಯ ನಿಜವಾದ ಅಪರಾಧ ಬೇರೆ ಕಡೆ ಸಿಕ್ಕಿತು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 11ರಿಂದ 14 ವಯಸ್ಸಿನ 79 ಮಕ್ಕಳ ಎದೆಗೆ ಚಿಕ್ಕ ಕ್ಯಾಮೆರಾ ಸಿಕ್ಕಿಸಿದರು. ಮಲಗುವ ಕೋಣೆಯಲ್ಲಿ ಕತ್ತಲಲ್ಲೂ ಕಾಣುವ ಇನ್ನೊಂದು ಕ್ಯಾಮೆರಾ. ಮಕ್ಕಳನ್ನು ಪ್ರಶ್ನೆ ಕೇಳುವ ಬದಲು ನಿಮಿಷ ನಿಮಿಷವೂ ನೋಡಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ. 2024ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೀಗಿದೆ. ಮಲಗುವ ಮುಂಚಿನ ಎರಡು ಗಂಟೆಗಳಲ್ಲಿ ಬಹುತೇಕ ಎಲ್ಲರೂ ಪರದೆ ನೋಡಿದ್ದರು, ಆದರೆ ಅದರಿಂದ ಆ ರಾತ್ರಿಯ ನಿದ್ದೆಗೆ ಅಷ್ಟಾಗಿ ಧಕ್ಕೆಯಾಗಿರಲಿಲ್ಲ. ಹಾಸಿಗೆಗೆ ಹೋದ ಮೇಲೆ ನೋಡಿದ್ದು ಮಾತ್ರ ನೇರವಾಗಿ ನಿದ್ದೆಯನ್ನು ಕತ್ತರಿಸಿತ್ತು. ಸುಮ್ಮನೆ ನೋಡುವುದಕ್ಕಿಂತ ಗೇಮ್ ಆಡುವುದು, ಮೆಸೇಜ್ ಮಾಡುವುದು, ಎರಡು ಪರದೆಗಳನ್ನು ಒಟ್ಟಿಗೆ ನಿಭಾಯಿಸುವುದು ಹೆಚ್ಚು ಕತ್ತರಿಸಿತ್ತು. ಹಾಲ್‌ನಲ್ಲಿ ಕೂತು ಎಲ್ಲರ ಜೊತೆ ಐಪಿಎಲ್ ನೋಡುವ ಹುಡುಗನಿಗೂ, ಹೊದಿಕೆಯೊಳಗೆ ಪಬ್ಜಿ ಆಡುವ ಹುಡುಗನಿಗೂ ಒಂದೇ ಬೈಗುಳ ಸಲ್ಲದು.

ಇದು ಹೀಗೇಕೆ ಎಂಬುದನ್ನು ಊಹಿಸಬಹುದು. ಕಾದಂಬರಿಗೆ ಅಧ್ಯಾಯ ಮುಗಿಯುತ್ತದೆ, ಧಾರಾವಾಹಿಗೆ ನಾಳೆ ಇದೆ. ರೀಲ್ಸ್‌ಗೆ ಕೊನೆಯೇ ಇಲ್ಲದಂತೆ ಅದನ್ನು ಕಟ್ಟಿದ್ದಾರೆ. ನಿದ್ದೆ ತಡವಾಗಿ ಬರುವ ವಯಸ್ಸು, ಗೆಳೆಯರಿಲ್ಲದೆ ಬದುಕಲಾರದ ವಯಸ್ಸು, ಮತ್ತು ಮುಗಿಯದ ಪರದೆ ಮೂರೂ ಒಂದೇ ಹಾಸಿಗೆಯಲ್ಲಿ ಸೇರುತ್ತವೆ. ದೇಹ ಒಂದು ಗಂಟೆ ತಡಮಾಡಿದರೆ, ಆ ಗಂಟೆಯನ್ನು ಫೋನ್ ಎರಡಾಗಿಸುತ್ತದೆ. 2016ರಲ್ಲಿ 1,25,198 ಮಕ್ಕಳನ್ನು ಒಳಗೊಂಡ ಇಪ್ಪತ್ತು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಫೋನ್ ಬಳಸದಿದ್ದರೂ ಅದು ರಾತ್ರಿ ಕೈಗೆಟುಕುವಂತೆ ಇದ್ದರೇ ನಿದ್ದೆ ಕಡಿಮೆಯಾಗುವ ಸಂಭವ ಹೆಚ್ಚು ಎಂದು ಕಂಡಿತು.

ನಿಯಮಗಳಿಂದ ಪ್ರಯೋಜನವಿದೆಯೇ? ಇದೆ. ಆಡಲು ಬಿಡಿ, ಅವರಾಗಿ ಕಲಿಯುತ್ತಾರೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಾದ 385 ಹದಿಹರೆಯದವರನ್ನು 2011ರಲ್ಲಿ ಅಧ್ಯಯನ ಮಾಡಿದಾಗ ಮಲಗುವ ವೇಳೆಯನ್ನು ತಂದೆತಾಯಿ ನಿಗದಿ ಮಾಡಿದ್ದ ಮನೆಗಳು ಐದರಲ್ಲಿ ಒಂದಕ್ಕಿಂತ ಕಡಿಮೆ. ಆ ಮಕ್ಕಳು ಬೇಗ ಮಲಗುತ್ತಿದ್ದರು, ಹೆಚ್ಚು ನಿದ್ದೆ ಮಾಡುತ್ತಿದ್ದರು, ಹಗಲಲ್ಲಿ ಅವರಿಗೆ ಆಯಾಸ ಕಡಿಮೆಯಿತ್ತು. ವಾರಾಂತ್ಯದಲ್ಲಿ ನಿಯಮ ಸಡಿಲಿಸಿದಾಗ ಅವರಿಗೂ ಉಳಿದವರಿಗೂ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಅವರು ಹುಟ್ಟಾ ಬೇಗ ಮಲಗುವವರಲ್ಲ, ಕೆಲಸ ಮಾಡಿದ್ದು ನಿಯಮವೇ. ಅದಕ್ಕೂ ಹಿಂದಿನ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಜೇಮ್ಸ್ ಗ್ಯಾಂಗ್ವಿಷ್ ತಂಡ ಅಮೆರಿಕದ 15,659 ಮಕ್ಕಳ ಮಾಹಿತಿ ನೋಡಿತು. ಮಲಗಲು ಮಧ್ಯರಾತ್ರಿ ಅಥವಾ ಅದರಾಚೆಯ ಗಡುವು ಕೊಟ್ಟ ಮನೆಗಳ ಮಕ್ಕಳಲ್ಲಿ ಖಿನ್ನತೆಯ ಸಂಭವ, ಹತ್ತು ಗಂಟೆ ಅಥವಾ ಅದಕ್ಕೂ ಮುಂಚಿನ ಗಡುವಿನ ಮನೆಗಳಿಗಿಂತ 24% ಹೆಚ್ಚು. ಸಾಯುವ ಯೋಚನೆ ಬರುವ ಸಂಭವ 20% ಹೆಚ್ಚು. ಇಂಥ ಅಧ್ಯಯನ ಕಾರಣವನ್ನು ಸಾಬೀತು ಮಾಡುವುದಿಲ್ಲ, ಗಡುವು ಕೊಡುವ ಮನೆಗಳು ಬೇರೆ ರೀತಿಯಲ್ಲೂ ಭಿನ್ನವಾಗಿರಬಹುದು. ಆದರೂ ಮಕ್ಕಳ ಮನಸ್ಸಿನ ವಿಷಯದಲ್ಲಿ ಈ ಅಂಕಿಗಳನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಸರ್ಕಾರವೇ ನಿಯಮ ಮಾಡಿದರೆ? ದಕ್ಷಿಣ ಕೊರಿಯಾ ಮಾಡಿ ನೋಡಿತು. 2011ರ ನವೆಂಬರಿನಿಂದ ಹದಿನಾರರೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಗೇಮ್ ಬಂದ್. ಅದರಿಂದ ಮಕ್ಕಳ ನಿದ್ದೆ ಹೆಚ್ಚಿದ್ದು ಸರಾಸರಿ ಒಂದೂವರೆ ನಿಮಿಷ ಎಂದು ನಂತರದ ಲೆಕ್ಕ ಹೇಳಿತು. 2022ರ ಜನವರಿಯಲ್ಲಿ ಕಾನೂನು ರದ್ದಾಯಿತು. ರಾತ್ರಿ ಹತ್ತರವರೆಗೂ ಖಾಸಗಿ ಟ್ಯೂಷನ್‌ನಲ್ಲಿ ಕೂರಿಸಿದ ಮಕ್ಕಳಿಗೆ ಗೇಮಿನ ಬಾಗಿಲು ಮುಚ್ಚಿದರೆ ನಿದ್ದೆ ಎಲ್ಲಿಂದ ಬರಬೇಕು? ಅದೇ ನಮ್ಮ ಗಡಿಗೆ ತಾಗಿದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯನ್ನು ನೋಡಿ. 2022ರಲ್ಲಿ ಅಲ್ಲಿನ ಗ್ರಾಮಸ್ಥರೇ ಸೇರಿ ತೀರ್ಮಾನಿಸಿದರು: ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಒಂದೂವರೆ ಗಂಟೆ ಊರಿನ ಎಲ್ಲರ ಟಿವಿ, ಮೊಬೈಲ್ ಬಂದ್. ಮಕ್ಕಳದಷ್ಟೇ ಅಲ್ಲ, ಅಪ್ಪ ಅಮ್ಮಂದಿರದೂ. ಅದು ಓದಿನ ಹೊತ್ತಿಗಾಗಿ ಮಾಡಿದ ಏರ್ಪಾಡು, ನಿದ್ದೆಗಲ್ಲ. ಆದರೂ ನಿಯಮ ನಿಲ್ಲುವುದು ಯಾವಾಗ ಎಂಬುದನ್ನು ಆ ಹಳ್ಳಿ ತೋರಿಸುತ್ತದೆ. ಗೆಳೆಯರೆಲ್ಲ ಆಫ್‌ಲೈನ್ ಆಗಿದ್ದರೆ ಹದಿನಾಲ್ಕರ ಹುಡುಗನಿಗೆ ತಾನೊಬ್ಬನೇ ಏನೋ ಕಳೆದುಕೊಳ್ಳುತ್ತಿದ್ದೇನೆ ಎಂಬ ಸಂಕಟವಿಲ್ಲ. ಅಪ್ಪನ ಫೋನೂ ಮುಚ್ಚಿದ್ದರೆ "ನೀವು ನೋಡ್ಬಹುದು, ನಾನ್ ನೋಡ್ಬಾರ್ದಾ?" ಎಂಬ ಪ್ರಶ್ನೆಯಿಲ್ಲ. ಆ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರವಿಲ್ಲದ ಮನೆಯಲ್ಲಿ ಯಾವ ನಿಯಮವೂ ತಿಂಗಳು ದಾಟುವುದಿಲ್ಲ.

ಹಾಗಾಗಿ ನಾನು ಪಟ್ಟು ಹಿಡಿಯುವ ನಿಯಮ ಒಂದೇ: ಫೋನುಗಳು ರಾತ್ರಿ ಮಲಗುವ ಜಾಗದಲ್ಲಿರಬಾರದು, ಮನೆಯಲ್ಲಿ ಯಾರದೂ. ಹಾಲ್‌ನಲ್ಲೋ ಅಡುಗೆಮನೆಯ ಕಟ್ಟೆಯ ಮೇಲೋ ಎಲ್ಲವೂ ಒಟ್ಟಿಗೆ ಚಾರ್ಜಿಗಿರಲಿ. "ಅಲಾರಂ ಬೇಕಲ್ಲಾ?" ಎಂದರೆ ನೂರಿನ್ನೂರು ರೂಪಾಯಿಗೆ ಟೇಬಲ್ ಗಡಿಯಾರ ಸಿಗುತ್ತದೆ. "ಹೋಂವರ್ಕ್ ವಾಟ್ಸಾಪ್‌ನಲ್ಲಿ ಬರುತ್ತೆ" ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಕೋವಿಡ್ ಕಾಲದಲ್ಲಿ ಶುರುವಾದ ಈ ರೂಢಿಯನ್ನು ಹಲವು ಶಾಲೆಗಳು ಇನ್ನೂ ಬಿಟ್ಟಿಲ್ಲ. ರಾತ್ರಿ ಒಂಬತ್ತಕ್ಕೆ ಕ್ಲಾಸ್ ಗ್ರೂಪಿಗೆ ಪಿಡಿಎಫ್ ಕಳಿಸಿ, ಬೆಳಿಗ್ಗೆ ಪೋಷಕರ ಸಭೆಯಲ್ಲಿ ಮೊಬೈಲ್ ಕೊಡಬೇಡಿ ಎಂದು ಹೇಳುವುದು ಸರಿಯಲ್ಲ ಎಂದು ಶಾಲೆಗೆ ಹೇಳಲೇಬೇಕು.

ಮಲಗುವ ಕೋಣೆಯೇ ಪ್ರತ್ಯೇಕವಾಗಿಲ್ಲದ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಐದು ಜನ ಒಂದೇ ಕೋಣೆಯಲ್ಲಿ ಹಾಸಿಗೆ ಬಿಡಿಸುವಲ್ಲಿ ಮಗುವಿನ ನಿದ್ದೆಯ ವೇಳೆಯೆಂದರೆ ಮನೆಯ ಟಿವಿ ಆರುವ ವೇಳೆಯೇ. ಅಲ್ಲಿ ಮಗುವಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ. ಹಿರಿಯರು ಅರ್ಧ ಗಂಟೆ ಮುಂಚೆ ದೀಪ ಆರಿಸಿದರೆ ಎಲ್ಲರ ನಿದ್ದೆಯೂ ಅರ್ಧ ಗಂಟೆ ಹೆಚ್ಚುತ್ತದೆ.

ಇನ್ನು ಗಂಟೆ ಎಷ್ಟಕ್ಕೆ ಎಂಬ ಚೌಕಾಸಿ. ಮಗುವಿಗೆ ಈಗ ನಿಜವಾಗಿ ನಿದ್ದೆ ಹತ್ತುವ ಹೊತ್ತಿನಿಂದ ಶುರುಮಾಡಬೇಕು. ಅದು ಹನ್ನೆರಡಾದರೆ ಮೊದಲ ಗಡುವು ಹನ್ನೊಂದೂ ಮುಕ್ಕಾಲು. ಕೆಲವು ದಿನ ಅದು ಒಗ್ಗಿದ ಮೇಲೆ ಇನ್ನೊಂದು ಕಾಲು ಗಂಟೆ ಬೇಗ. ಆದರೆ ತಡವಾದ ಗಡಿಯಾರವನ್ನು ಮುಂದಕ್ಕೆಳೆಯುವ ಕೈ ರಾತ್ರಿಯದಲ್ಲ, ಬೆಳಗಿನದು. ಮನುಷ್ಯನ ಒಳಗಡಿಯಾರದ ದಿನ 24 ಗಂಟೆಗಿಂತ ಹತ್ತು ಹದಿನೈದು ನಿಮಿಷ ಉದ್ದ. ಸುಮ್ಮನೆ ಬಿಟ್ಟರೆ ದಿನಾ ಅಷ್ಟಷ್ಟು ತಡವಾಗುತ್ತಾ ಹೋಗುತ್ತದೆ. ಅದನ್ನು ಪ್ರತಿದಿನ ಸರಿಪಡಿಸುವುದು ಬೆಳಗಿನ ಬಿಸಿಲು. 2013ರಲ್ಲಿ ಕೆನೆತ್ ರೈಟ್ ಎಂಟು ಜನರನ್ನು ಅಮೆರಿಕದ ಕೊಲರಾಡೋದ ಬೆಟ್ಟಗಳಲ್ಲಿ ವಿದ್ಯುದ್ದೀಪವಿಲ್ಲದೆ ಒಂದು ವಾರ ಡೇರೆಯಲ್ಲಿ ಇರಿಸಿದಾಗ ಅವರ ಒಳಗಡಿಯಾರ ಸುಮಾರು ಎರಡು ಗಂಟೆ ಮುಂದೆ ಬಂದು ಸೂರ್ಯನ ಜೊತೆ ಸೇರಿಕೊಂಡಿತು.

ಇಲ್ಲೇ ಭಾನುವಾರದ ತೊಂದರೆ. ವಾರದ ಸಾಲ ತೀರಿಸಲು ಹನ್ನೊಂದರವರೆಗೆ ಮಲಗಿದ ಮಗುವಿಗೆ ಬೆಳಗಿನ ಬಿಸಿಲು ತಪ್ಪುತ್ತದೆ, ಗಡಿಯಾರ ಇನ್ನಷ್ಟು ಹಿಂದೆ ಸರಿಯುತ್ತದೆ, ಭಾನುವಾರ ರಾತ್ರಿ ಒಂದಾದರೂ ಕಣ್ಣು ಮುಚ್ಚುವುದಿಲ್ಲ, ಸೋಮವಾರ ಮೊದಲ ಪೀರಿಯಡ್ ಪೂರ್ತಿ ಮಂಪರು. ರೊನೆಬರ್ಗ್ ತಂಡ ಇದಕ್ಕೆ ಸಾಮಾಜಿಕ ಜೆಟ್‌ಲ್ಯಾಗ್ ಎಂದು ಹೆಸರಿಟ್ಟಿದೆ. ರಜೆಯ ದಿನ ಒಂದೂವರೆ ಗಂಟೆ ಹೆಚ್ಚು ಮಲಗಲು ಬಿಡಿ, ಆಮೇಲೆ ಎಬ್ಬಿಸಿ ಅಂಗಳಕ್ಕೋ ಟೆರೇಸಿಗೋ ಕಳಿಸಿ. ಬೇಕಿದ್ದರೆ ಮಧ್ಯಾಹ್ನ ಅರ್ಧ ಗಂಟೆ ಮಲಗಲಿ.

ಪರೀಕ್ಷೆ ಹತ್ತಿರ ಬಂದಾಗ ಇಷ್ಟೆಲ್ಲ ಗಾಳಿಗೆ ಹೋಗುತ್ತದೆ. ಎಸ್ಸೆಸ್ಸೆಲ್ಸಿ ತಿಂಗಳುಗಳಲ್ಲಿ ನಮ್ಮ ಕೆಲವು ಕಡೆ ಶಿಕ್ಷಕರೇ ನಸುಕಿನಲ್ಲಿ ಫೋನ್ ಮಾಡಿ, ಮನೆಬಾಗಿಲು ತಟ್ಟಿ ಮಕ್ಕಳನ್ನು ಓದಲು ಎಬ್ಬಿಸುತ್ತಾರೆ. ತಮ್ಮ ನಿದ್ದೆ ಬಿಟ್ಟು ಮಕ್ಕಳಿಗಾಗಿ ಓಡಾಡುವ ಆ ಮೇಷ್ಟ್ರುಗಳ ಕಾಳಜಿಗೆ ಕೈಮುಗಿಯಬೇಕು. ಆದರೆ ಒಂಬತ್ತಕ್ಕೆ ಮಲಗುವ ಹಳ್ಳಿಯಲ್ಲಿ ಐದಕ್ಕೆ ಏಳುವುದು ಒಂದು, ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳುವುದು ಇನ್ನೊಂದು. ನಿದ್ದೆಯ ಕೊನೆಯ ಮೂರನೇ ಒಂದು ಭಾಗದಲ್ಲಿ ಕನಸಿನ ನಿದ್ದೆ ದಟ್ಟವಾಗಿರುತ್ತದೆ. ಬೆಳಗಿನ ಜಾವ ಕತ್ತರಿಸಿದರೆ ಹೋಗುವುದು ಅದೇ. ಲಾಸ್ ಏಂಜಲೀಸ್‌ನ 535 ಹೈಸ್ಕೂಲು ಮಕ್ಕಳ ದಿನಚರಿಗಳನ್ನು ಆಧರಿಸಿ 2013ರಲ್ಲಿ ಬಂದ ಅಧ್ಯಯನ ಹೇಳುವುದು ಇಷ್ಟು: ನಿದ್ದೆಗೆಟ್ಟು ಹೆಚ್ಚು ಓದಿದ ಮರುದಿನ ಮಕ್ಕಳಿಗೆ ಪಾಠ ಅರ್ಥವಾಗದಿರುವುದೂ ಟೆಸ್ಟಿನಲ್ಲಿ ಹಿಂದೆ ಬೀಳುವುದೂ ಹೆಚ್ಚು. ಮಾಮೂಲಿಯಾಗಿ ಎಷ್ಟು ಹೊತ್ತು ಓದುತ್ತಿದ್ದರು ಎಂಬುದು ಇದನ್ನು ಬದಲಿಸಲಿಲ್ಲ.

ನಿಯಮ, ಮಾತುಕತೆ ಎಲ್ಲ ಮುಗಿದರೂ ಮಗು ಫೋನ್ ಕೆಳಗಿಡಲಾರದು, ಊಟ ಶಾಲೆ ಎರಡೂ ತಪ್ಪುತ್ತಿವೆ ಎಂದಾದರೆ ಅದು ಬೈಯುವ ಹಂತವನ್ನು ದಾಟಿದ ವಿಷಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ.

ಮನೆಯ ಕೈಯಲ್ಲಿರುವುದು ಇಷ್ಟು. ಉಳಿದರ್ಧ ಮನೆಯ ಹೊರಗಿದೆ, ಅದು ಶಾಲೆಯ ಬೆಲ್.

ಕಾರ್ಸ್ಕ್ಯಾಡನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಮಕ್ಕಳು ಒಂಬತ್ತನೇ ತರಗತಿಯಿಂದ ಹತ್ತಕ್ಕೆ ಹೋದಾಗ ಶಾಲೆಯ ಸಮಯ ಬೆಳಿಗ್ಗೆ 8:25ರಿಂದ 7:20ಕ್ಕೆ ಬಂದಿತ್ತು. ಬೇಗ ಏಳಬೇಕೆಂದು ಅವರು ಬೇಗ ಮಲಗಲಿಲ್ಲ, ಮಲಗಲು ಆಗಲೂ ಇಲ್ಲ. ಬೆಳಿಗ್ಗೆ ಕತ್ತಲ ಕೋಣೆಯ ಪರೀಕ್ಷೆ ಮಾಡಿದಾಗ ಹತ್ತನೇ ತರಗತಿಯವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಕಣ್ಣು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ನೇರವಾಗಿ ಕನಸಿನ ನಿದ್ದೆಗೆ ಹೋದರು. ವೈದ್ಯರು ಅಂಥದ್ದನ್ನು ನೋಡುವುದು ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಇರುವವರಲ್ಲಿ. ಇವರಿಗೆ ಕಾಯಿಲೆಯಿರಲಿಲ್ಲ, ಅವರ ದೇಹಕ್ಕೆ ಅದು ಇನ್ನೂ ರಾತ್ರಿಯಾಗಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಹೈಸ್ಕೂಲುಗಳು ಎಂಟೂವರೆಗಿಂತ ಮುಂಚೆ ಶುರುವಾಗಬಾರದು ಎಂದಿತು. ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲುಗಳನ್ನು 7:50ರಿಂದ 8:45ಕ್ಕೆ ಸರಿಸಿದಾಗ ಮಕ್ಕಳಿಗೆ ದಿನಕ್ಕೆ 34 ನಿಮಿಷ ಹೆಚ್ಚು ನಿದ್ದೆ ಸಿಕ್ಕಿತು. ಸಿಕ್ಕ ಸಮಯವನ್ನು ಅವರು ರಾತ್ರಿ ಇನ್ನಷ್ಟು ಎದ್ದಿರಲು ಬಳಸಿಕೊಳ್ಳುತ್ತಾರೆ ಎಂಬ ಭಯ ಸುಳ್ಳಾಯಿತು. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲುಗಳಿಗೆ ಎಂಟೂವರೆಯ ಮಿತಿ 2022ರ ಜುಲೈಯಿಂದ ಕಾನೂನು.

ನಮ್ಮ ಸರ್ಕಾರಿ ಪ್ರೌಢಶಾಲೆಗಳು ಸಾಮಾನ್ಯವಾಗಿ ಹತ್ತರ ಆಸುಪಾಸಿಗೆ ಶುರುವಾಗುತ್ತವೆ. ಹೊಲ, ಹಟ್ಟಿ, ಹತ್ತಿರದೂರಿನಿಂದ ನಡೆದು ಬರುವ ಮಕ್ಕಳನ್ನು ನೋಡಿ ಬಂದ ಈ ಸಮಯ ನಿದ್ರಾ ವಿಜ್ಞಾನ ಕೇಳುವುದಕ್ಕಿಂತಲೂ ಉದಾರವಾಗಿದೆ. ದೊಡ್ಡ ಊರುಗಳ ಖಾಸಗಿ ಶಾಲೆಗಳದ್ದು ಬೇರೆ ಕಥೆ. ಎಂಟರ ಬೆಲ್‌ಗೆ ವ್ಯಾನ್ ಆರೂವರೆಗೇ ಬಾಗಿಲಿಗೆ ಬರುತ್ತದೆ. ಜನವರಿಯಲ್ಲಿ ಬೆಂಗಳೂರಿನ ಸೂರ್ಯೋದಯ ಆರೂ ಮುಕ್ಕಾಲರ ಸುಮಾರಿಗೆ. ಮಕ್ಕಳು ಬೀದಿದೀಪದ ಕೆಳಗೆ ವ್ಯಾನ್ ಕಾಯುತ್ತಿರುತ್ತಾರೆ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಮ್ಮ ರಾಜ್ಯ ಅದರ ಪಶ್ಚಿಮಕ್ಕಿದೆ. ಮಂಗಳೂರು, ಉಡುಪಿಯಲ್ಲಿ ಗಡಿಯಾರ ಆರು ಎಂದಾಗ ಸೂರ್ಯನ ಲೆಕ್ಕದಲ್ಲಿ ಇನ್ನೂ ಐದೂವರೆ. ದೇಹ ಅನುಸರಿಸುವುದು ಸೂರ್ಯನನ್ನು. ಇಡೀ ದೇಶಕ್ಕೆ ಒಂದೇ ಗಡಿಯಾರ ಇರುವುದರಿಂದ, ಸೂರ್ಯ ತಡವಾಗಿ ಮುಳುಗುವ ಕಡೆಯ ಮಕ್ಕಳು ತಡವಾಗಿ ಮಲಗಿಯೂ ಅಷ್ಟೇ ಹೊತ್ತಿಗೆ ಏಳಬೇಕಾಗಿ ನಿದ್ದೆ ಕಳೆದುಕೊಳ್ಳುತ್ತಾರೆ, ಬಡ ಮನೆಗಳಲ್ಲಿ ಇದರ ಪೆಟ್ಟು ಹೆಚ್ಚು ಎಂದು ಅರ್ಥಶಾಸ್ತ್ರಜ್ಞ ಮೌಲಿಕ್ ಜಗನಾನಿ ತೋರಿಸಿದ್ದಾರೆ.

ಬೆಂಗಳೂರಿನಲ್ಲಿ 2023ರಲ್ಲಿ ಶಾಲೆಯ ಸಮಯ ಬದಲಿಸುವ ಮಾತು ಬಂದದ್ದು ಹೈಕೋರ್ಟಿನ ಸೂಚನೆಯಿಂದ, ಟ್ರಾಫಿಕ್ ತಗ್ಗಿಸಲು. ಮಕ್ಕಳ ನಿದ್ದೆ ಅಲ್ಲಿ ಮುಖ್ಯ ವಿಷಯವೇ ಆಗಿರಲಿಲ್ಲ, ಖಾಸಗಿ ಶಾಲೆಗಳು ಒಪ್ಪಲೂ ಇಲ್ಲ. ಪಕ್ಕದ ಮಹಾರಾಷ್ಟ್ರ ನಿದ್ದೆಯ ಕಾರಣಕ್ಕೇ 2024ರ ಫೆಬ್ರವರಿಯಲ್ಲಿ ಶಾಲೆಗಳು ಒಂಬತ್ತರ ಮೇಲೆಯೇ ಶುರುವಾಗಬೇಕೆಂದು ಆದೇಶ ಮಾಡಿತು, ನಾಲ್ಕನೇ ತರಗತಿಯವರೆಗೆ ಮಾತ್ರ. ಚಿಕ್ಕ ಮಕ್ಕಳು ಸಹಜವಾಗಿಯೇ ಬೇಗ ಮಲಗಿ ಬೇಗ ಏಳುವವರು. ಎಂಟು, ಒಂಬತ್ತು, ಹತ್ತನೇ ತರಗತಿಯವರು ಆದೇಶದ ಹೊರಗೆ ಉಳಿದರು.

ಬೆಲ್ಲನ್ನು ಬದಲಿಸುವುದು ಸರ್ಕಾರಕ್ಕೂ ಆಡಳಿತ ಮಂಡಳಿಗೂ ಸೇರಿದ್ದು, ಅದಕ್ಕೆ ವರ್ಷಗಳೇ ಹಿಡಿಯಬಹುದು. ವ್ಯಾನಿನ ದಾರಿ ಹಾಗಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಒಂದೇ ಬಡಾವಣೆಯ ಎಂಟು ಹತ್ತು ಮನೆಯವರು ಸೇರಿ, ಊರೆಲ್ಲ ಸುತ್ತುವ ಒಂದು ಬಸ್ಸಿನ ಬದಲು ಎರಡು ಚಿಕ್ಕ ವ್ಯಾನುಗಳನ್ನು ಕೇಳಬಹುದು. ಅಥವಾ ಹೈಸ್ಕೂಲು ಮಕ್ಕಳನ್ನು ಮೊದಲು ಹತ್ತಿಸಿಕೊಳ್ಳುವ ಕ್ರಮವನ್ನು ತಿರುಗಿಸಿ, ಕೊನೆಗೆ ಹತ್ತಿಸಿಕೊಳ್ಳಿ ಎನ್ನಬಹುದು. ಒಂಬತ್ತನೇ ತರಗತಿಯ ಹುಡುಗಿಯ ಬಾಗಿಲಿಗೆ ವ್ಯಾನ್ ಆರೂವರೆಯ ಬದಲು ಏಳೂಕಾಲಿಗೆ ಬಂದರೆ ವಾರದ ಆರು ದಿನಕ್ಕೆ ನಾಲ್ಕೂವರೆ ಗಂಟೆ ನಿದ್ದೆ, ಅದೂ ಬೆಳಗಿನ ಜಾವದ ನಿದ್ದೆ.